ಅವನು ತೊಳೆದಿಟ್ಟ ಟ್ಯೂಬುಗಳು

"ಲೈಟ್ ಆರಿಸು!"

ಬೆರೆಂಡ್‌ಗೆ ಮೊದಲು ಕೇಳಿಸಿದ್ದು ಆ ಕೂಗು. ಆಮೇಲೆ ಕಂಡವಳು ಅವಳು.

ಲ್ಯಾಬಿನೊಳಗೆ ಕಿಟಕಿಯೇ ಇಲ್ಲದ ಪುಟ್ಟ ಕೋಣೆ. ಮೂಲೆಯಲ್ಲಿ ಮಂದವಾದ ಕೆಂಪು ದೀಪ. ಬಿಳಿ ಕೋಟು ತೊಟ್ಟ ಹುಡುಗಿಯೊಬ್ಬಳು ಸಣ್ಣ ಶೀಶೆಯೊಂದನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು, ಎಳೆಮಗುವಿಗೆ ಬಿಸಿಲು ತಾಗದಂತೆ ನೋಡಿಕೊಳ್ಳುವ ತಾಯಿಯ ಹಾಗೆ ಬಾಗಿ ನಿಂತಿದ್ದಳು. ಬಾಗಿಲು ತೆಗೆದವನೇ ಅವನು ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚು ಒತ್ತಿಬಿಟ್ಟಿದ್ದ.

"ಆರಿಸು ಅಂದೆ. ಕಿವಿ ಕೇಳ್ಸಲ್ವಾ?"

ಅವನು ಆರಿಸಿದ. ಕೆಂಪು ಬೆಳಕಿನಲ್ಲಿ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣಿನಲ್ಲಿ ಎಷ್ಟು ಸಿಟ್ಟೋ, ಅದರ ಹಿಂದೆ ಅಷ್ಟೇ ಅಳು.

"ಬಾಗಿಲ ಮೇಲೆ ಬೋರ್ಡ್ ಹಾಕಿದೀನಿ. ಓದೋಕೆ ಬರುತ್ತೆ ತಾನೇ?"

"ನೋಡ್ಲಿಲ್ಲ," ಎಂದ ಬೆರೆಂಡ್. ಇನ್ನೂ ಏನೋ ಹೇಳಬೇಕು ಅನ್ನಿಸಿತು. ಬಾಯಿ ತೆರೆದ, ಮುಚ್ಚಿದ, ಬಾಗಿಲನ್ನೂ ಮುಚ್ಚಿಕೊಂಡು ಹೋದ.

'ಎಂಥಾ ಮನುಷ್ಯ ಇವನು... ಬೆಳಗ್ಗೆಯಿಂದ ಮಾಡಿದ ಕೆಲಸ ಹಾಳು ಮಾಡಿ, ತಪ್ಪಾಯ್ತು ಅಂತ ಒಂದು ಮಾತಾದರೂ ಅನ್ನಬಾರದೇ?' ಆ ಹುಡುಗಿ, ನಿಂಕೆ, ಶೀಶೆಯನ್ನು ದೀಪದ ಹತ್ತಿರ ಹಿಡಿದು ನೋಡಿದಳು. ಒಳಗಿದ್ದದ್ದು ಬಿ-12 ವಿಟಮಿನ್ನಿನ ಅತಿ ನಾಜೂಕಾದ ಬಗೆ. ದಾಳಿಂಬೆ ರಸದ ಬಣ್ಣ ಅದಕ್ಕೆ. ಬಿಳಿ ಬೆಳಕು ಬಿತ್ತೆಂದರೆ ಅದು ಮುರಿದುಹೋಗುತ್ತದೆ. ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಈ ಕಥೆ ಹೇಳುತ್ತಿರುವ ನಾನು ಗ್ರೋನಿಂಗೆನ್ ಊರಿಗೆ ಸೊಸೆಯಾಗಿ ಬಂದು ತಲೆ ನರೆಯುತ್ತಾ ಬಂತು. ಇಲ್ಲಿನ ಗಂಡಸರ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಗಾಳಿಗೆ ಎದುರಾಗಿ ಸೈಕಲ್ ತುಳಿಯುವುದು ಸಲೀಸು. ನಿಂಕೆಯೋ ಪಕ್ಕದ ಫ್ರೀಸ್‌ಲಾಂಡಿನವಳು, ಹಸು ಸಾಕುವ ಮನೆಯ ಮಗಳು. ಅವಳ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಮಾತು ಒಂದೇ: "ಬಿಡು, ನಾನೇ ಮಾಡ್ಕೋತೀನಿ." ಇಂಥ ಇಬ್ಬರನ್ನು ಒಂದೇ ಲ್ಯಾಬಿಗೆ ಹಾಕಿದರೆ ಏನಾದೀತು, ನೀವೇ ಹೇಳಿ.

ಮಧ್ಯಾಹ್ನ ಊಟದ ಮೇಜಿನಲ್ಲಿ ಪ್ರೊಫೆಸರ್ ಯಾಂತಿನಾ ಅವನನ್ನು ಕರೆತಂದರು.

"ನಿಂಕೆ, ಇವನು ಬೆರೆಂಡ್. ಉಟ್ರೆಕ್ಟ್‌ನಿಂದ ನಮ್ಮೂರಿಗೇ ವಾಪಸ್ ಬಂದಿದಾನೆ. ನಿನ್ನ ಕೈಯ ಫೋಟೋ ತೆಗೆಯೋನು ಇವನೇ."

"ಫೋಟೋ ಮಾತ್ರಾನಾ? ಉಂಗುರ ತೊಡಿಸೋದು ಬೇರೆಯವರಾ?" ಅಂದ ಮೆನ್ನೊ. ಲ್ಯಾಬಿನಲ್ಲಿ ಎಲ್ಲರ ಕಾಲೆಳೆಯುವುದೇ ಅವನ ಕಸುಬು.

ನಿಂಕೆ ಮಜ್ಜಿಗೆಯ ಲೋಟವನ್ನು ಟಪ್ಪೆಂದು ಕೆಳಗಿಟ್ಟಳು. "ನಾವು ಆಗ್ಲೇ ಭೇಟಿ ಆಗಿದೀವಿ."

ಬೆರೆಂಡ್ ಚೀಸು ಹಚ್ಚಿದ ಬ್ರೆಡ್ಡನ್ನು ನೋಡುತ್ತಾ ಕೂತ.

ಆ 'ಕೈ' ಏನೆಂದು ಅವಳೇ ಅವನಿಗೆ ವಿವರಿಸಬೇಕಾಯಿತು. ಮುಖ ಗಂಟಿಕ್ಕಿಕೊಂಡೇ ಶುರು ಮಾಡಿದಳು. ಆದರೆ ತನ್ನ ಬ್ಯಾಕ್ಟೀರಿಯಾದ ವಿಷಯ ಬಂದರೆ ನಿಂಕೆಗೆ ಸಿಟ್ಟು ನೆನಪಿರುವುದಿಲ್ಲ.

"ಇದು ಮೊಸರಲ್ಲಿರೋ ಬ್ಯಾಕ್ಟೀರಿಯಾ. ಇದಕ್ಕೆ ಬಿ-12 ಇಲ್ದೆ ಬದುಕಿಲ್ಲ, ತಾನೇ ಮಾಡ್ಕೊಳ್ಳೋಕೂ ಬರಲ್ಲ. ಸುತ್ತ ಎಲ್ಲಾದ್ರೂ ಇದ್ರೆ ಹಿಡಿದು ಒಳಗೆ ತಗೋಬೇಕು. ಆದ್ರೆ ಹೊರಗೆ ಎಷ್ಟಿರುತ್ತೆ ಅನ್ಕೊಂಡೆ? ದೊಡ್ಡ ಈಜುಕೊಳಕ್ಕೆ ಒಂದು ಚಿಟಿಕೆ ಹಾಕಿದಷ್ಟೂ ಇರಲ್ಲ."

"ಮತ್ತೆ ಹೇಗೆ ಹಿಡಿಯುತ್ತೆ?"

"ಅದರ ಮೈಸುತ್ತಿನ ಪೊರೆಯಲ್ಲಿ ಒಂದು ಪುಟಾಣಿ ಪ್ರೊಟೀನು ಹುದುಗಿದೆ. ಅದೇ ನನ್ನ ಕೈ. ವಿಟಮಿನ್ ತಾಗಿದ್ದೇ ತಡ, ಮುಷ್ಟಿ ಬಿಗಿ ಮಾಡುತ್ತೆ. ಆಮೇಲೆ..." ಅವಳು ತನ್ನ ಅಂಗೈ ಮೇಲೆ ಮಾಡಿ, ಬೆರಳು ಮಡಚಿ, ಮೆಲ್ಲಗೆ ಮಗುಚಿದಳು. "ಆ ಪೊರೆಯೊಳಗೇ ಪಲ್ಟಿ ಹೊಡೆಯುತ್ತೆ. ಹೊರಗಿದ್ದ ಮುಖ ಒಳಗೆ ತಿರುಗುತ್ತೆ. ಅಲ್ಲಿ ಮುಷ್ಟಿ ಬಿಚ್ಚಿ ವಿಟಮಿನ್ ಬಿಡುತ್ತೆ. ಮತ್ತೆ ವಾಪಸ್."

"ಅಷ್ಟಕ್ಕೆ ಶಕ್ತಿ?"

"ಪಕ್ಕದಲ್ಲಿ ಒಂದು ಇಂಜಿನ್ ಇದೆ. ಬೇರೆ ಬೇರೆ ವಿಟಮಿನ್ನಿಗೆ ಬೇರೆ ಬೇರೆ ಕೈ. ಇಂಜಿನ್ ಮಾತ್ರ ಎಲ್ಲಾರಿಗೂ ಒಂದೇ. ಸರದಿ ಮೇಲೆ ಬಂದು ತಗಲ್ಕೊಳ್ತವೆ. ಸ್ವಲ್ಪ ನೂಕಾಟ ಇರುತ್ತೆ, ನಮ್ಮ ಕಾಫಿ ಯಂತ್ರದ ಮುಂದೆ ಇರಲ್ವಾ, ಹಾಗೆ."

ಅವನಿಗೆ ನಗು ಬಂತು. ಅವಳಿಗೂ ಬಂತು, ತಡೆದುಕೊಂಡಳು.

"ಕಣ್ಣಿಗೆ ಕಾಣದ ಜೀವ. ತಲೆ ಇಲ್ಲ, ಬುದ್ಧಿ ಇಲ್ಲ. ಆದ್ರೂ ಅಷ್ಟು ನೀರಲ್ಲಿ ತನಗೆ ಬೇಕಾದ ಒಂದೇ ಒಂದನ್ನ ಗುರುತು ಹಿಡಿಯುತ್ತೆ ನೋಡು," ಎಂದಳು ನಿಂಕೆ. ಅವಳ ಧ್ವನಿ ತಗ್ಗಿತ್ತು. "ಆದ್ರೆ ಇದೇ ಆ ಕೈ ಅಂತ ಇನ್ನೂ ಯಾರೂ ಒಪ್ಪಿಲ್ಲ. ಕೊನೇ ಪ್ರಯೋಗ ಬಾಕಿ ಇದೆ. ಕೈ ಇರೋ ಬ್ಯಾಕ್ಟೀರಿಯಾ, ಕೈ ಕತ್ತರಿಸಿ ತೆಗೆದ ತಳಿ, ಎರಡನ್ನೂ ವಿಟಮಿನ್ ಹಾಕಿ ಒಂದ್ಸಲ, ಹಾಕದೆ ಒಂದ್ಸಲ ಬೆಳೆಸಿ ನೋಡ್ಬೇಕು. ಅದು ಸರಿ ಬಂದ್ರೆ ನನ್ನ ಪ್ರಬಂಧ ಮುಗೀತು, ನಿನಗೆ ಫೋಟೋ ಕೆಲಸ ಶುರು."

"ಸರಿ ಬರದಿದ್ರೆ?"

"ನಾನು ಇಷ್ಟು ವರ್ಷ ಮಾಡಿದ್ದು ನೀರಲ್ಲಿ ಹೋಮ. ನೀನು ಉಟ್ರೆಕ್ಟ್‌ಗೆ ವಾಪಸ್."

ಬೆರೆಂಡ್ ಅವಳ ಮಡಚಿದ ಬೆರಳುಗಳನ್ನೇ ನೋಡುತ್ತಿದ್ದ. "ಇದಕ್ಕಿಂತ ಕಡಿಮೆ ಇರಬಹುದಿತ್ತು," ಅಂದ.

ಗ್ರೋನಿಂಗೆನ್ ಜನರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮದುವೆಮನೆಯಲ್ಲೂ ಅವರು ಇಷ್ಟೇ ಹೇಳುವುದು. ನಿಂಕೆಗೂ ಗೊತ್ತಿತ್ತು. ಅವಳ ಕೆನ್ನೆ ಬಿಸಿಯಾಯಿತು. ಹಾಳಾದವನು, ಇಷ್ಟು ಹೇಳಲು ಬರುವವನಿಗೆ ತಪ್ಪಾಯ್ತು ಅನ್ನಲು ಮಾತ್ರ ಬರುವುದಿಲ್ಲವೇ?

ಅನ್ನಬೇಕು ಅಂತ ಅವನಿಗೂ ಇತ್ತು. ಕಾಫಿ ಕುಡಿಯುವಾಗ, ಮೆಟ್ಟಿಲಲ್ಲಿ, ಸೈಕಲ್ ನಿಲ್ಲಿಸುವ ಕಡೆ... ಎಲ್ಲೆಲ್ಲೋ ಬಾಯಿಯ ತನಕ ಬಂದು ನಿಂತಿತು. ಕೊನೆಗೆ ಹೇಳುವ ಬದಲು ಮಾಡಿಯೇ ತೋರಿಸೋಣ ಅಂದುಕೊಂಡ.

ನಿಂಕೆಯ ಕಪಾಟಿನಲ್ಲಿ ಒಂದು ಸ್ಟ್ಯಾಂಡು ತುಂಬ ಗಾಜಿನ ಟ್ಯೂಬುಗಳಿದ್ದವು. ಮೇಲೆ ಸುಕ್ಕುಗಟ್ಟಿದ ಅಲ್ಯೂಮಿನಿಯಂ ಹಾಳೆ. ಒಂದೊಂದರ ಬುಡದಲ್ಲೂ ಹೊಗೆ ಹಿಡಿದಂಥ ಕಂದು ಕಲೆ. ಪಾಪ, ಒಬ್ಬಳೇ ಎಷ್ಟು ಅಂತ ಮಾಡುತ್ತಾಳೆ, ತೊಳೆಯಲೂ ಪುರಸೊತ್ತಿಲ್ಲ ಅಂದುಕೊಂಡ. ಎಲ್ಲವನ್ನೂ ಒಯ್ದು ಲ್ಯಾಬಿನವರೆಲ್ಲ ಬಳಸುವ ತೊಳೆಯುವ ಯಂತ್ರಕ್ಕೆ ಹಾಕಿದ. ಹೋಗದ ಕಲೆಯನ್ನು ಕೈಯಿಂದ ಉಜ್ಜಿದ. ಫಳಫಳ ಹೊಳೆಯುವಂತೆ ಮಾಡಿ, ಒಣಗಿಸಿ, ಅದೇ ಹಾಳೆಯನ್ನು ಮೊದಲಿನ ಹಾಗೇ ಹೊದಿಸಿ ಇಟ್ಟುಬಂದ. ಜನ್ಮದಲ್ಲಿ ಯಾವ ಹುಡುಗಿಗೂ ಅಷ್ಟು ಪ್ರೀತಿಯಿಂದ ಏನನ್ನೂ ಮಾಡಿದವನಲ್ಲ ಅವನು.

ಪಾಪ, ಅವನಿಗೇನು ಗೊತ್ತು? ಅವನ ಕೆಲಸ ಪ್ರೊಟೀನನ್ನು ಹಿಮಗಟ್ಟಿಸಿ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುವುದು. ಬ್ಯಾಕ್ಟೀರಿಯಾವನ್ನು ಹಸಿವಿನಲ್ಲಿ ಕೂರಿಸಿದವನಲ್ಲ. ವಿಟಮಿನ್ನಿನ ಕೆಲಸ ಮಾಡುವವರು ತಮ್ಮ ಗಾಜನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ತಾವೇ ತೊಳೆದು, ಆಮೇಲೆ ಕುಲುಮೆಯಂಥ ಒಲೆಯಲ್ಲಿಟ್ಟು ಸುಡುತ್ತಾರೆ, ಇದ್ದಬದ್ದ ವಿಟಮಿನ್ನೆಲ್ಲ ಬೂದಿಯಾಗಲಿ ಎಂದು. ಅವನು ಉಜ್ಜಿ ತೆಗೆದದ್ದು ಆ ಒಲೆಯ ಕಲೆ!

ಮರುದಿನ ಅವಳು ಟ್ಯೂಬು ತೆಗೆದುಕೊಂಡು ಹೋದದ್ದನ್ನು ನೋಡಿದ. ನಗುತ್ತಾಳೆ, ಏನಾದರೂ ಹೇಳುತ್ತಾಳೆ ಅಂತ ಕಾದ. ಅವಳು ಕೆಂಪು ದೀಪದ ಕೋಣೆಯೊಳಗೇ ಹಾಳೆ ಬಿಚ್ಚಿದಳು. ಆ ಮಬ್ಬಿನಲ್ಲಿ ಹೊಳಪು ಕಾಣುವುದಾದರೂ ಹೇಗೆ? ಹೊರಬಂದವಳು ಅವನ ಮುಂದೆಯೇ ದಾಟಿ ಹೋದಳು.

'ಇಷ್ಟು ಮಾಡಿದರೂ ಒಂದು ನಗು ಇಲ್ಲ...' ಬೆರೆಂಡ್‌ಗೆ ನಿಜಕ್ಕೂ ನೋವಾಯಿತು.

ಫಲಿತಾಂಶ ಬಂದ ಬೆಳಿಗ್ಗೆ ನಿಂಕೆ ಟ್ಯೂಬುಗಳ ಮುಂದೆ ಕುಸಿದು ಕೂತಳು.

ವಿಟಮಿನ್ ಹಾಕಿದ ಟ್ಯೂಬು ಮಜ್ಜಿಗೆ ನೀರಿನ ಹಾಗೆ ಮಬ್ಬಾಗಿತ್ತು. ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿತ್ತು, ಅದು ಸರಿ. ಆದರೆ ವಿಟಮಿನ್ ಹಾಕದ ಟ್ಯೂಬೂ ಹಾಗೇ ಮಬ್ಬಾಗಿತ್ತು. ಅಲ್ಲಿ ಅದು ಹಸಿದು ಸುಮ್ಮನೆ ಬಿದ್ದಿರಬೇಕಿತ್ತು!

ಅಂದರೆ ಇದಕ್ಕೆ ಹೊರಗಿನ ವಿಟಮಿನ್ ಬೇಕಾಗಿಯೇ ಇಲ್ಲ. ಬೇಡದ ವಸ್ತುವಿಗೆ ಕೈ ಯಾತಕ್ಕೆ? ಇಷ್ಟು ವರ್ಷ ತಾನು ಮುದ್ದು ಮಾಡಿದ ಆ ಕೈ, ಆ ಮುಷ್ಟಿ, ಆ ಪಲ್ಟಿ... ಎಲ್ಲ ತನ್ನದೇ ಕಲ್ಪನೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಯಾರನ್ನೂ ಕರೆಯಲಿಲ್ಲ, ಯಾರಿಗೂ ತೋರಿಸಲಿಲ್ಲ. ಮುಖ ತೊಳೆದುಕೊಂಡು ವಾರದ ಸಭೆಗೆ ಹೋದಳು.

"ನಾನು ಹೇಳ್ತಿದ್ದ ಕೈ... ಅದು ಕೈ ಅಲ್ಲ," ಅಂದಳು ಎಲ್ಲರ ಮುಂದೆ ನಿಂತು. "ಪ್ರಬಂಧದಿಂದ ಅದನ್ನ ತೆಗೀತೀನಿ."

ಯಾಂತಿನಾ ಕನ್ನಡಕ ತೆಗೆದರು. "ಕೈ ಕತ್ತರಿಸಿದ ತಳಿ ಇತ್ತಲ್ಲ, ಅದೇನಾಯ್ತು?"

"ಅದು ವಿಟಮಿನ್ ಹಾಕದ ಟ್ಯೂಬಲ್ಲಿ ಬೆಳೀಲಿಲ್ಲ. ಆದ್ರೆ ಅದಕ್ಕೇನೂ ಬೆಲೆ ಇಲ್ಲ. ಕತ್ತರಿಸಿದ್ದಕ್ಕೇ ರೋಗ ಹಿಡಿದಿರಬಹುದು. ಕೈ ಇರೋದಕ್ಕೆ ವಿಟಮಿನ್ನೇ ಬೇಡ ಅಂದ್ಮೇಲೆ ಇನ್ನೇನು ಹೇಳೋದು?"

ಮೆನ್ನೊ ಕೂಡ ತಮಾಷೆ ಮಾಡಲಿಲ್ಲ.

ಹಿಂದಿನ ಸಾಲಿನಿಂದ ಬೆರೆಂಡ್ ಕೇಳಿದ. "ಗಾಜು ಯಾವುದು ಬಳಸಿದೆ?"

"ಏನಂದೆ?"

"ಟ್ಯೂಬು. ಶುದ್ಧ ಇತ್ತಾ ಅಂತ..."

ಅವಳ ಮುಖಕ್ಕೆ ರಕ್ತ ನುಗ್ಗಿತು. "ನಾನೇ ತೊಳೆದು, ನಾನೇ ಒಲೆಯಲ್ಲಿ ಸುಟ್ಟು, ನಾನೇ ಹಾಳೆ ಮುಚ್ಚಿಟ್ಟ ಟ್ಯೂಬು. ನನ್ನ ಗಾಜಿನ ಬಗ್ಗೆ ಕೇಳೋ ಮುಂಚೆ ಬಾಗಿಲ ಮೇಲಿನ ಬೋರ್ಡ್ ಓದೋದು ಕಲಿ."

ಸುಟ್ಟು... ಆ ಮಾತು ಕೇಳಿದ್ದೇ ಬೆರೆಂಡನ ಮುಖ ಬಿಳಿಚಿಕೊಂಡಿತು. ಅವನು ಎದ್ದು ನಿಲ್ಲುವಷ್ಟರಲ್ಲಿ ಅವಳು ಕೋಟು ಬಿಸಾಕಿ ಹೊರಟುಹೋಗಿದ್ದಳು.

"ಯಾಂತಿನಾ, ತಪ್ಪು ಅವಳದಲ್ಲ, ನಂದು," ಅಂದ ಬೆರೆಂಡ್. ಎಲ್ಲರೂ ತಿರುಗಿ ನೋಡಿದರು. "ಆ ಟ್ಯೂಬುಗಳನ್ನ ನಾನು ತೊಳೆದೆ. ಬ್ಯಾಕ್ಟೀರಿಯಾ ಬೆಳೆಸೋ ಹಾಲಿನ ಸಾರು ಇದ್ದ ಪಾತ್ರೆಗಳ ಜೊತೆ. ಕೊಳೆ ಅಂದ್ಕೊಂಡೆ."

"ಅಯ್ಯೋ ನಿನ್ನ," ಎಂದರು ಯಾಂತಿನಾ. "ಇಲ್ಲಿ ನಿಂತು ನನಗೇನು ಹೇಳ್ತೀಯಾ? ಹೋಗು, ಹಿಡಿ ಅವಳನ್ನ."

ಅವನ ಸೈಕಲ್ಲಿನ ಗಾಳಿ ಇಳಿದಿತ್ತು. ಮೆನ್ನೊ ತನ್ನ ಬೀಗದ ಕೈ ಎಸೆದ. ಮೆನ್ನೊ ಗಿಡ್ಡ, ಬೆರೆಂಡ್ ಉದ್ದ. ಮಂಡಿ ಗದ್ದಕ್ಕೆ ತಾಗುವ ಹಾಗೆ ತುಳಿಯುತ್ತಾ, ಎದುರುಗಾಳಿಯಲ್ಲಿ ಅವನು ಹೋದದ್ದನ್ನು ನೋಡಿದ್ದರೆ ನೀವೂ ನಗುತ್ತಿದ್ದಿರಿ.

ಕಾಲುವೆಯ ಹತ್ತಿರ ಗಂಟೆ ಬಾರಿಸಿತು. ಮರಳು ಹೊತ್ತ ದೋಣಿಯೊಂದು ಬರುತ್ತಿತ್ತು. ಅಡ್ಡಕಂಬ ಇಳಿಯಿತು, ಸೇತುವೆ ಮೇಲೆದ್ದಿತು. ಇಲ್ಲಿ ಯಾರಿಗೆ ಎಂಥ ತುರ್ತಿದ್ದರೂ ದೋಣಿ ದಾಟುವ ತನಕ ನಿಲ್ಲಲೇಬೇಕು. ಸೈಕಲ್ಲುಗಳ ಗುಂಪಿನಲ್ಲಿ, ಎಲ್ಲರಿಗಿಂತ ಮುಂದೆ, ನಿಂಕೆ ನಿಂತಿದ್ದಳು. ಗಾಳಿಗೆ ಕಣ್ಣೀರು ಕಿವಿಯ ಕಡೆ ಹರಿಯುತ್ತಿತ್ತು.

"ನಿಂಕೆ..."

ಅವಳು ತಿರುಗಲಿಲ್ಲ. "ಇನ್ನೂ ಏನಾದ್ರೂ ಕೇಳೋದಿದೆಯಾ?"

"ನಿನ್ನ ಟ್ಯೂಬುಗಳನ್ನ ನಾನು ತೊಳೆದೆ."

"ಏನು?"

"ಎಲ್ಲಾರ ಯಂತ್ರದಲ್ಲಿ. ಕಲೆ ಕಂಡಿತು, ಕೊಳೆ ಅಂದ್ಕೊಂಡೆ. ಉಜ್ಜಿಬಿಟ್ಟೆ. ಅವತ್ತು ಲೈಟ್ ಹಾಕಿದ್ದಕ್ಕೆ ತಪ್ಪಾಯ್ತು ಅಂತ ಹೇಳೋಕೆ ನನಗೆ ಬರಲಿಲ್ಲ. ಅದಕ್ಕೆ... ತೊಳೆದಿಟ್ಟೆ."

ಅವಳು ಅವನನ್ನೇ ನೋಡಿದಳು. ಮೊದಲು ಅವಳಿಗೆ ಅವನನ್ನು ಸೈಕಲ್ ಸಮೇತ ಕಾಲುವೆಗೆ ತಳ್ಳಬೇಕು ಅನ್ನಿಸಿತು. ಇದನ್ನು ಅವಳೇ ಆಮೇಲೆ ನನಗೆ ಹೇಳಿದ್ದು.

"ಯಾರಾದ್ರೂ ತೊಳೀತಾರೇನೋ ಅದನ್ನ? ತಲೆ ಇದೆಯಾ ನಿನಗೆ? ಬೆಳಗ್ಗೆಯಿಂದ ನಾನು ಸತ್ತು ಹೋಗಿದೀನಿ, ಗೊತ್ತಾ?"

"ಬೈ. ಎಷ್ಟು ಬೇಕಾದ್ರೂ ಬೈ. ಆದ್ರೆ ಆ ಕೈಯನ್ನ ಮಾತ್ರ ಬಿಡಬೇಡ."

"ಆ ಯಂತ್ರದಲ್ಲಿ ಹಾಲಿನ ಸಾರಿನ ಪಾತ್ರೆ ಇತ್ತಾ?"

"ಇತ್ತು."

"ಬಿಸಿನೀರಲ್ಲೇ ತೊಳೆದೆ ತಾನೇ? ಸೋಪು ಹಾಕಿ?"

"ಹಾಕಿ. ಆಮೇಲೆ ಕೈಯಲ್ಲೂ ಉಜ್ಜಿದೆ. ಮೂರು ಸಲ ಜಾಲಿಸಿದೆ."

ನಿಂಕೆ ಬಾಯಿಗೆ ಕೈ ಅಡ್ಡ ಹಿಡಿದಳು.

ಹಾಲಿನಲ್ಲಿ ಬಿ-12 ಇರುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಉಜ್ಜಿ, ಜಾಲಿಸಿದ ಮೇಲೆ ಗಾಜಿಗೆ ಅಂಟಿಕೊಂಡು ಉಳಿದದ್ದು ಎಷ್ಟು ಇದ್ದೀತು? ಯಾವ ತಕ್ಕಡಿಗೂ ಸಿಕ್ಕದಷ್ಟು. ಅಷ್ಟನ್ನೂ ಕೈ ಇದ್ದ ಬ್ಯಾಕ್ಟೀರಿಯಾ ಬಿಡಲಿಲ್ಲ. ಹುಡುಕಿ, ಹಿಡಿದು, ಒಳಗೆಳೆದುಕೊಂಡು ಬದುಕಿತು. ಅದೇ ಯಂತ್ರದಲ್ಲಿ ತೊಳೆದ ಟ್ಯೂಬಿನಲ್ಲಿ, ಅದೇ ಉಳಿಕೆಯ ಮಧ್ಯೆ, ಕೈಯಿಲ್ಲದ್ದು ಮಾತ್ರ ಹಸಿದೇ ಬಿತ್ತು.

"ಬೆರೆಂಡ್, ಅದಕ್ಕೆ ರೋಗ ಇಲ್ಲ," ಎಂದಳು ಅವಳು. "ಕೈಯಿಲ್ಲದ್ದಕ್ಕೆ ರೋಗ ಇಲ್ಲ. ಕೈ ಇಲ್ಲ, ಅದಕ್ಕೇ ಸಿಗಲಿಲ್ಲ. ಕೈ ಇರೋದಕ್ಕೆ ಸಿಕ್ತು. ನೀನು ಮೂರು ಸಲ ಜಾಲಿಸಿದ ಗಾಜಲ್ಲೂ ಸಿಕ್ತು. ಎಂಥಾ ಕೈ ನೋಡೋ ಅದು..."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವನಿಗೆ ಗೊತ್ತಾಗಲಿಲ್ಲ. ಎರಡೂ ಆಗಿತ್ತು. ದೋಣಿ ದಾಟಿತು, ಸೇತುವೆ ಇಳಿಯಿತು. ಹಿಂದಿನವರು ಗಂಟೆ ಬಾರಿಸಿದರು. ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಅಜ್ಜಿಯೊಬ್ಬಳು, "ದಾರಿ ಬಿಡ್ರಪ್ಪಾ, ಮನೇಲಿ ಕೂತು ಅಳಿ," ಅಂತ ಗದರಿಸಿ ಮುಂದೆ ಹೋದಳು.

ಇಬ್ಬರೂ ಸೇತುವೆ ದಾಟಲಿಲ್ಲ. ಲ್ಯಾಬಿನ ಕಡೆ ಸೈಕಲ್ ತಿರುಗಿಸಿದರು.

"ಮತ್ತೆ ಮಾಡಬೇಕು. ಹೊಸ ಗಾಜಲ್ಲಿ, ಸುಟ್ಟು," ಅಂದಳು ನಿಂಕೆ.

"ನಾನು..." ಅವನು ತಡೆದ. "ಸಹಾಯ ಬೇಕಾ?"

'ಬಿಡು, ನಾನೇ ಮಾಡ್ಕೋತೀನಿ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಇಷ್ಟು ವರ್ಷ ತಾನು ಬೆರಗಾಗಿ ನೋಡಿದ್ದು ಯಾವುದನ್ನು? ತನ್ನಿಂದಾಗದ್ದನ್ನು ಹೊರಗಿನಿಂದ ಪಡೆದು ಬದುಕುವ ಜೀವವನ್ನು. ಅದಕ್ಕಿಲ್ಲದ ಬಿಗುಮಾನ ತನಗೇಕೆ ಅನ್ನಿಸಿತು.

"ಬೇಕು," ಎಂದಳು. "ತೊಳೆಯೋದು ಮಾತ್ರ ಬೇಡ."

ಆ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ಇನ್ನೊಬ್ಬರ ಪ್ರಯೋಗ ಕೆಡಿಸಿದವರು ಎಲ್ಲರಿಗೂ ಕೇಕು ತರಬೇಕು, ಅದೂ ಮನೆಯಲ್ಲೇ ಮಾಡಿದ್ದು. ಬೆರೆಂಡ್ ಸೇಬಿನ ಕೇಕು ತಂದ. ತಳ ಹೊತ್ತಿತ್ತು.

"ಇದನ್ನಾದ್ರೂ ಸರಿಯಾಗಿ ಸುಟ್ಟಿದೀಯಲ್ಲ ಮಾರಾಯ," ಅಂದ ಮೆನ್ನೊ. ನಿಂಕೆ ಎರಡು ಹೋಳು ತಿಂದಳು.

ಹೊಸ ಟ್ಯೂಬುಗಳನ್ನು ಅವರಿಬ್ಬರೂ ಸೇರಿ ಒಲೆಗಿಟ್ಟರು. ಕಾಯುವ ದಿನಗಳಲ್ಲಿ ಅವನು ಮೊದಲಿಗಿಂತ ನಾಲ್ಕು ಮಾತು ಹೆಚ್ಚು ಆಡಿದ. ಅವಳು ನಾಲ್ಕು ಕಡಿಮೆ ಆಡಿದಳು.

ಹೊಸ ಫಲಿತಾಂಶ ಬರುವ ಬೆಳಿಗ್ಗೆ ನಿಂಕೆ ಕೆಂಪು ದೀಪದ ಕೋಣೆಯಲ್ಲಿದ್ದಾಗ ಬಾಗಿಲು ಟಕ್ ಟಕ್ ಎಂದಿತು. ಯಾರೂ ಒಳಗೆ ಬರಲಿಲ್ಲ. ಮತ್ತೆ ಟಕ್ ಟಕ್.

"ಯಾರು?"

"ನಾನು. ಬೋರ್ಡ್ ಓದಿದೆ. ಒಳಗೆ ಬರಲಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಬಾ. ಸ್ವಿಚ್ ಮುಟ್ಟಿದ್ರೆ ಕೈ ಮುರೀತೀನಿ."

ಅವನು ಒಳಗೆ ಬಂದು ಬಾಗಿಲು ಹಾಕಿದ. ಕೈಯಲ್ಲಿ ಟ್ಯೂಬುಗಳ ಸ್ಟ್ಯಾಂಡು. "ಯಾಂತಿನಾ ನೋಡಿದ್ರು, ಮೆನ್ನೊನೂ ನೋಡಿದ. ನಾನಿನ್ನೂ ನೋಡಿಲ್ಲ. ನಿನ್ನ ಜೊತೆ ನೋಡೋಣ ಅಂತ ಕಣ್ಣು ಮುಚ್ಕೊಂಡೇ ತಂದೆ."

"ಸುಳ್ಳ. ಮೆಟ್ಟಿಲು ಹೇಗೆ ಹತ್ತಿದೆ?"

ಒಂದೊಂದೇ ಟ್ಯೂಬನ್ನು ಕೆಂಪು ದೀಪಕ್ಕೆ ಹಿಡಿದರು. ಕೈ ಇದ್ದದ್ದಕ್ಕೆ ವಿಟಮಿನ್ನಿನ ಒಂದು ಕಣದಷ್ಟು ಕೊಟ್ಟಿದ್ದ ಟ್ಯೂಬು ಮಬ್ಬು. ಕೈ ಇದ್ದದ್ದಕ್ಕೆ ಏನೂ ಕೊಡದ ಟ್ಯೂಬು ತಿಳಿ. ಕೈಯಿಲ್ಲದ್ದಕ್ಕೆ ಅಷ್ಟೇ ಕಣ ಕೊಟ್ಟ ಟ್ಯೂಬೂ ತಿಳಿ. ಅದರಾಚೆ ಅವನ ಬೆರಳುಗಳು ಸ್ವಚ್ಛವಾಗಿ ಕಾಣುತ್ತಿದ್ದವು. ಬಿ-12 ಬೇಕಿಲ್ಲದ ಆಹಾರ ಕೊಟ್ಟಿದ್ದ ಕೊನೆಯ ಟ್ಯೂಬಿನಲ್ಲಿ ಕೈಯಿಲ್ಲದ್ದೂ ಚೆನ್ನಾಗಿ ಬೆಳೆದಿತ್ತು, ಅಂದರೆ ಅದಕ್ಕೆ ರೋಗವಿರಲಿಲ್ಲ.

ನಿಂಕೆ ಆ ತಿಳಿ ಟ್ಯೂಬನ್ನು ಇನ್ನೊಮ್ಮೆ ದೀಪಕ್ಕೆ ಹಿಡಿದಳು. "ಇದೆ ಬೆರೆಂಡ್. ಕೈ ಇದೆ."

"ಗೊತ್ತಿತ್ತು. ಸೇತುವೆ ಹತ್ತಿರಾನೇ ಗೊತ್ತಾಯ್ತು." ಅವನು ಸ್ಟ್ಯಾಂಡನ್ನು ಜೋಪಾನವಾಗಿ ಕೆಳಗಿಟ್ಟ. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. "ನಿಂಕೆ, ಅವತ್ತು ಲೈಟ್ ಹಾಕಿದ್ದು ತಪ್ಪಾಯ್ತು. ಟ್ಯೂಬು ತೊಳೆದದ್ದು ತಪ್ಪಾಯ್ತು. ನಿನ್ನ ಮೇಲೆ ಮನಸ್ಸಾಗಿದೆ ಅಂತ ಅವತ್ತೇ ಹೇಳದೇ ಇದ್ದದ್ದು ಎಲ್ಲಕ್ಕಿಂತ ದೊಡ್ಡ ತಪ್ಪು."

ಅವಳು ಅಂಗೈಯನ್ನು ಮೇಲೆ ಮಾಡಿ ಅವನ ಮುಂದೆ ಚಾಚಿದಳು. ಅವನು ತನ್ನ ಬೆರಳುಗಳನ್ನು ಅದರೊಳಗೆ ಇಟ್ಟ. ಅವಳು ಮುಷ್ಟಿ ಬಿಗಿ ಮಾಡಿದಳು.

"ಈಗ ಪಲ್ಟಿ ಹೊಡೀಬೇಕಾ?" ಅಂತ ಪಿಸುಗುಟ್ಟಿದ ಅವನು.

"ಸುಮ್ನಿರು. ಟ್ಯೂಬು ಬಿದ್ದಾವು."

"ಹೇಗಿದೆ ಹೇಳು."

ನಿಂಕೆ ಅವನ ಭುಜಕ್ಕೆ ಹಣೆ ಒರಗಿಸಿದಳು. ಅವನ ಊರಿನ ಮಾತನ್ನೇ ಅವನಿಗೆ ತಿರುಗಿಸಿ ಹೇಳಿದಳು.

"ಇದಕ್ಕಿಂತ ಕಡಿಮೆ ಇರಬಹುದಿತ್ತು."